ಅಕ್ಕನ ಐವತ್ತು ನಿಮಿಷ

ಕುವೈತಿನ ಅಬು ಹಲೀಫಾದ ವಿಮಾನ ಟಿಕೆಟ್ ಆಫೀಸೊಂದರಲ್ಲಿ ಕೌಂಟರಿನ ಹಿಂದೆ ಕೂತು ನನಗೆ ಇಪ್ಪತ್ತು ವರ್ಷವಾಯಿತು. ಅಷ್ಟು ವರ್ಷಗಳಲ್ಲಿ ನನ್ನ ಅಕ್ಕ ಅಲ್ಲಿಗೆ ನೂರಾರು ಸಲ ಬಂದಿರಬಹುದು. ಬಂದವಳೇ ನೇರ ಒಳಗೆ ನುಗ್ಗಿ, ನನ್ನ ಮೇಜಿನ ಮೇಲೆ ಊಟದ ಡಬ್ಬಿ ಇಟ್ಟು, "ಏಸಿಯ ಮೇಲೆ ಧೂಳು ನೋಡು, ಇದನ್ನೇ ಉಸಿರಾಡುವುದಾ ನೀನು?" ಎಂದು ಬೈದು ಹೋಗುವುದು ಅವಳ ಕ್ರಮ. ಕಳೆದ ವರ್ಷ ಒಂದು ಬೆಳಿಗ್ಗೆ ಮಾತ್ರ ಅವಳು ಗಿರಾಕಿಗಳ ಕುರ್ಚಿಯಲ್ಲಿ ಕೂತಳು. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಒಂದು ಚೀಟಿಯನ್ನು ನನ್ನ ಮುಂದೆ ಸರಿಸಿದಳು.

"ಈ ಏರ್‌ಪೋರ್ಟಿನಿಂದ ಈ ಏರ್‌ಪೋರ್ಟಿಗೆ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತು?"

ಚೀಟಿಯಲ್ಲಿ ಎರಡು ಹೆಸರುಗಳಿದ್ದವು. ಎರಡನ್ನೂ ಓದುವಷ್ಟರಲ್ಲಿ ನನ್ನ ನಾಲಿಗೆ ಸುಸ್ತಾಯಿತು. ಕಂಪ್ಯೂಟರಿನಲ್ಲಿ ಹುಡುಕಿದರೆ ಅವು ಕೆನಡಾದ ಉತ್ತರ ತುದಿಯಲ್ಲಿ, ಭೂಪಟದ ಮೇಲಂಚಿಗೆ ತಾಗಿಕೊಂಡಂತೆ ಇದ್ದವು.

"ಇನ್ನೂರ ಮೂವತ್ತು ಕಿಲೋಮೀಟರ್. ಐವತ್ತು ನಿಮಿಷ," ಎಂದೆ. "ಯಾರಿಗೆ ಇದು?"

"ಒಬ್ಬಳು ನರ್ಸಿಗೆ."

"ಪಾಪ, ಯಾರು ಅಷ್ಟು ದೂರ ಹೋಗುವ ಹುಡುಗಿ? ಹೆಸರು ಹೇಳು, ಬರೆದುಕೊಳ್ತೇನೆ."

ಅವಳು ಕೈಚೀಲದಿಂದ ಪಾಸ್‌ಪೋರ್ಟ್ ತೆಗೆದು ಚೀಟಿಯ ಪಕ್ಕದಲ್ಲಿಟ್ಟಳು. ಅದು ಅವಳದೇ ಪಾಸ್‌ಪೋರ್ಟ್.

ಅಕ್ಕನಿಗೆ ಆಗ ಐವತ್ತಾರು ವರ್ಷ. ಮದುವೆಯಾಗಿಲ್ಲ. ಇಪ್ಪತ್ತೊಂಬತ್ತು ವರ್ಷ ಕುವೈತಿನ ಆಸ್ಪತ್ರೆಯಲ್ಲಿ ದುಡಿದವಳು, ಅದರಲ್ಲೂ ಬಹುಪಾಲು ಹೆರಿಗೆ ವಾರ್ಡಿನಲ್ಲಿ. ನನ್ನನ್ನು ಇಲ್ಲಿಗೆ ಕರೆಸಿದ್ದು, ಕೆಲಸಕ್ಕೆ ಹಚ್ಚಿದ್ದು, ಮದುವೆ ಮಾಡಿಸಿದ್ದು ಎಲ್ಲ ಅವಳೇ. ಅವಳ ವಾಸದ ಪರವಾನಗಿ, ಇಕಾಮಾ, ಆ ಸೆಪ್ಟೆಂಬರಿಗೆ ಮುಗಿಯುವುದಿತ್ತು. ಇನ್ನು ಅವಳು ಊರಿಗೆ ಮರಳಿ, ಮಂಗಳೂರಿನ ಫ್ಲ್ಯಾಟಿನಲ್ಲಿ ಕೂತು, ಬೆಳಿಗ್ಗೆ ಇಗರ್ಜಿಗೆ ಹೋಗಿ ಬಂದು, ಸಂಜೆ ನಮ್ಮೆಲ್ಲರನ್ನೂ ಫೋನಿನಲ್ಲಿ ಬೈಯುತ್ತಾ ಇರುತ್ತಾಳೆ ಎಂದೇ ನಾವು ಅಂದುಕೊಂಡಿದ್ದೆವು. ಆದರೆ ಅವಳು ಎರಡು ವರ್ಷದಿಂದ ಯಾರಿಗೂ ಹೇಳದೆ ಕೆನಡಾದ ನರ್ಸಿಂಗ್ ಪರೀಕ್ಷೆಗಳನ್ನು ಬರೆಯುತ್ತಿದ್ದಳು. ಯಾರಿಗೂ ಎಂದರೆ ನನಗೆ ಮತ್ತು ನನ್ನ ಹೆಂಡತಿಗೆ. ನನ್ನ ಹದಿನಾರರ ಮಗಳಿಗೆ ಎಲ್ಲ ಗೊತ್ತಿತ್ತು. ಅತ್ತೆಯ ಅರ್ಜಿಗಳನ್ನು ಲ್ಯಾಪ್‌ಟಾಪಿನಲ್ಲಿ ತುಂಬಿದವಳೇ ಅವಳು. ಕೇಳಿದ್ದಕ್ಕೆ, "ಯು ನೆವರ್ ಆಸ್ಕ್ಡ್, ಪಪ್ಪಾ," ಎಂದಳು.

ನಾವು ಮನೆಯಲ್ಲಿ ಆಡುವುದು ಕೊಂಕಣಿ. ಬರೆಯಲು ಕೂತರೆ ಅದು ನನ್ನ ಕೈಯಲ್ಲಿ ಮಂಗಳೂರು ಕನ್ನಡವಾಗುತ್ತದೆ. ಅಕ್ಕನ ಬೈಗುಳಗಳು ಹೀಗೆ ಭಾಷೆ ಬದಲಿಸುವಾಗ ಸ್ವಲ್ಪ ಮೆತ್ತಗಾಗಿವೆ ಎಂಬುದನ್ನು ಓದುವವರು ತಿಳಿದಿರಬೇಕು.

ಅಂದು ಕೌಂಟರಿನಲ್ಲಿ ನಾನು ನನ್ನ ವೃತ್ತಿಯ ಗತ್ತನ್ನು ಬಿಡಲಿಲ್ಲ. "ಐವತ್ತು ನಿಮಿಷ ಎಂತದು ಅಕ್ಕ? ಮಂಗಳೂರಿನಿಂದ ಕಾರವಾರಕ್ಕೆ ಹೋದ ಹಾಗೆ. ಕೂತು ಬೆಲ್ಟ್ ಹಾಕುವಷ್ಟರಲ್ಲಿ ಇಳಿಯುವುದು."

"ಕಾರವಾರಕ್ಕೆ ಬಸ್ಸುಂಟು. ಇಲ್ಲಿ ಬಸ್ಸಿನಲ್ಲಿ ಎಷ್ಟು ಹೊತ್ತು?"

"ಬಸ್ಸಿಲ್ಲ."

"ಕಾರು?"

"ರಸ್ತೆಯೇ ಇಲ್ಲ ಅಕ್ಕ. ನಡುವೆ ಬರೇ ನೀರು, ಬಂಡೆ, ಹಿಮ."

"ಮತ್ತೆ ವಿಮಾನ ಬಾರದಿದ್ದರೆ?"

"ಯಾಕೆ ಬರುವುದಿಲ್ಲ? ಭಾನುವಾರ ಬಿಟ್ಟು ದಿನಾ ಉಂಟು. ಇಲ್ಲಿ ಬರೆದಿದ್ದಾರಲ್ಲ." ನಾನು ಪರದೆಯನ್ನು ಅವಳತ್ತ ತಿರುಗಿಸಿ ಬೆರಳಿನಿಂದ ತೋರಿಸಿದೆ. ಅವಳು ಪರದೆಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು. ಹೆರಿಗೆ ವಾರ್ಡಿನಲ್ಲಿ ಹೊಸ ಡಾಕ್ಟರುಗಳನ್ನು ಅವಳು ಹೀಗೆಯೇ ನೋಡುತ್ತಿದ್ದಿರಬೇಕು.

ಅವಳ ಕೆಲಸ ಇದ್ದದ್ದು ಎರಡನೆಯ ಊರಿನಲ್ಲಿ. ಅಲ್ಲಿ ಒಂದು ಸಣ್ಣ ಆರೋಗ್ಯ ಕೇಂದ್ರ, ಇಬ್ಬರು ನರ್ಸುಗಳು. ಡಾಕ್ಟರು ತಿಂಗಳಿಗೊಮ್ಮೆ ಮೊದಲನೆಯ ಊರಿನಿಂದ ಹಾರಿ ಬರುತ್ತಾರಂತೆ. ಮೊದಲನೆಯ ಊರಿನವರೆಗೆ ಮೂರು ವಿಮಾನ ಬದಲಿಸಬೇಕು. ಆಮೇಲೆ ಈ ಐವತ್ತು ನಿಮಿಷದ ಸಣ್ಣ ವಿಮಾನ. ಸಣ್ಣದು ಎಂದರೆ ಎಷ್ಟು ಸಣ್ಣದು ಎಂದು ತಿಳಿದದ್ದು ಬುಕಿಂಗಿನ ಫಾರಂ ತುಂಬುವಾಗ. ಪ್ರಯಾಣಿಕರ ತೂಕ ಬರೆಯಲು ಅದರಲ್ಲೊಂದು ಜಾಗವಿತ್ತು.

"ಲಗೇಜಿನದ್ದಾ?" ಎಂದಳು.

"ಅಲ್ಲ, ನಿನ್ನದು."

ಅಕ್ಕ ಸಾವಿರಾರು ಹೆಂಗಸರನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ತೂಕವನ್ನು ಜೋರಾಗಿ ಓದಿ, "ಎಂತ ತಿಂತೀರಿ ನೀವು?" ಎಂದು ಕೇಳಿದವಳು. ತನ್ನ ತೂಕವನ್ನು ಮಾತ್ರ ಈ ಲೋಕದಲ್ಲಿ ಯಾರಿಗೂ ಹೇಳಿದವಳಲ್ಲ. ಆ ದಿನ ನನ್ನನ್ನು ಎಬ್ಬಿಸಿ, ಆಫೀಸಿನ ಬಾಗಿಲ ಹತ್ತಿರ ಬೀದಿಗೆ ಮುಖ ಮಾಡಿ ನಿಲ್ಲಿಸಿ, ತಾನೇ ನನ್ನ ಕುರ್ಚಿಯಲ್ಲಿ ಕೂತು ಒಂದೊಂದೇ ಬೆರಳಿನಿಂದ ಟೈಪ್ ಮಾಡಿದಳು. ಎರಡು ಕೀ ಸದ್ದಾಯಿತು. ಆಮೇಲೆ ಅಳಿಸಿದ ಸದ್ದು. ಮತ್ತೆ ಎರಡು ಕೀ.

"ಸರಿಯಾಗಿ ಹಾಕು ಅಕ್ಕ, ವಿಮಾನದ ಪೆಟ್ರೋಲಿನ ಲೆಕ್ಕ ಅದು," ಎಂದೆ, ಬೀದಿಯನ್ನು ನೋಡುತ್ತಲೇ.

"ನೀನು ಬಾಯಿ ಮುಚ್ಚು."

ನಮ್ಮ ಆಫೀಸಿನ ಪಕ್ಕದಲ್ಲಿ ಬಟ್ಟೆ, ಕಂಬಳಿ ಮಾರುವ ಅಂಗಡಿಯುಂಟು. ಅದರ ಯಜಮಾನರು ಉಳ್ಳಾಲದ ಕಡೆಯ ಬ್ಯಾರಿ, ಅರವತ್ತು ದಾಟಿದವರು. ನಾವೆಲ್ಲ ಅವರನ್ನು ಕಾಕ ಎನ್ನುತ್ತೇವೆ. ಸುದ್ದಿ ತಿಳಿದ ಕೂಡಲೇ ಅವರು ಅಕ್ಕನಿಗಾಗಿ ಅಂಗಡಿಯಲ್ಲಿ ಇದ್ದವುಗಳಲ್ಲೇ ದಪ್ಪದ ಜಾಕೆಟ್ ಹೊರತೆಗೆದರು. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು. ಅಕ್ಕ ಅಂಗಡಿಯ ನಡುವೆ ನಿಂತು ಜಾಕೆಟ್ ತೊಟ್ಟು ಎರಡೇ ನಿಮಿಷದಲ್ಲಿ ಬೆವೆತು ಹೋದಳು.

"ನೋಡಿ ಸಿಸ್ಟರ್, ಎಂತ ಗಟ್ಟಿ ಮಾಲು! ಇದು ಹಾಕಿದರೆ ಚಳಿಯೇ ಹೆದರಿ ಓಡ್ಬೇಕು," ಎಂದರು ಕಾಕ. ಕುವೈತಿನ ಚಳಿಯನ್ನಷ್ಟೇ ಕಂಡ ಜಾಕೆಟ್ ಅದು. ಅವರೂ ಕುವೈತಿನ ಚಳಿಯನ್ನಷ್ಟೇ ಕಂಡವರು.

ನನ್ನ ಹೆಂಡತಿ ಕುಚ್ಚಲಕ್ಕಿ, ಸೀಗಡಿ ಉಪ್ಪಿನಕಾಯಿ, ಹುಣಸೆಹುಳಿ, ತೆಂಗಿನೆಣ್ಣೆ ಎಲ್ಲ ಕಟ್ಟಿದಳು. ಸೆಪ್ಟೆಂಬರಿನ ಕೊನೆಯ ವಾರದಲ್ಲಿ ನಾವೆಲ್ಲ ಏರ್‌ಪೋರ್ಟಿಗೆ ಹೋಗಿ ಅಕ್ಕನನ್ನು ಕಳಿಸಿಕೊಟ್ಟೆವು. ಮಂಗಳೂರಿಗೆ ಹೋಗುವಾಗಲೂ ವಿಮಾನ ಮೇಲೇರುವವರೆಗೆ ಕಣ್ಣು ಮುಚ್ಚಿ ಜಪಸರ ಹಿಡಿದುಕೊಳ್ಳುವವಳು ಅವಳು. ಕಿಟಕಿಯ ಪಕ್ಕದ ಸೀಟು ಕೊಟ್ಟರೆ ಜಗಳಕ್ಕೇ ನಿಲ್ಲುತ್ತಾಳೆ. ಒಳಗೆ ಹೋಗುವ ಮುಂಚೆ ತಿರುಗಿ, "ಕೊನೆಯದ್ದು ಐವತ್ತು ನಿಮಿಷವೇ ಅಲ್ವಾ?" ಎಂದು ಕೇಳಿದಳು.

"ಐವತ್ತೇ. ನಾನು ಹೇಳ್ತೇನಲ್ಲ," ಎಂದೆ.

ಮೂರು ದೊಡ್ಡ ವಿಮಾನಗಳು ಹೇಳಿದ ಹೊತ್ತಿಗೆ ಹೊರಟು ಹೇಳಿದ ಹೊತ್ತಿಗೆ ಇಳಿದವು. ಅವಳು ಮೊದಲನೆಯ ಊರು ತಲುಪಿ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿ ಎಲ್ಲರಿಗೂ ಕೇಳುವಂತೆ, "ಇನ್ನೆಂತ, ಐವತ್ತು ನಿಮಿಷ, ಖಲಾಸ್!" ಎಂದೆ.

ಆಮೇಲೆ ಶುರುವಾಯಿತು.

ನಮಗೂ ಅವಳಿಗೂ ಒಂಬತ್ತು ಗಂಟೆಯ ವ್ಯತ್ಯಾಸ. ಇಲ್ಲಿ ಸಂಜೆ ಐದಾಗುವಾಗ ಅಲ್ಲಿ ಬೆಳಿಗ್ಗೆ ಎಂಟು. ಮೊದಲನೆಯ ದಿನ ಐದು ಗಂಟೆಗೆ ಅವಳ ಮೆಸೇಜ್ ಬಂತು: ಗಾಳಿ ಜಾಸ್ತಿ, ವಿಮಾನ ಇಲ್ಲ. ಆಗುತ್ತದೆ, ಗಾಳಿ ಯಾರ ಕೈಯಲ್ಲಿದೆ? ಎರಡನೆಯ ದಿನ ವಿಮಾನ ಹೊರಟಿತು. ನಾನು ಗಡಿಯಾರ ನೋಡಿಕೊಂಡೇ ಕೂತಿದ್ದೆ. ಐವತ್ತು ನಿಮಿಷವಾಯಿತು, ಸುದ್ದಿಯಿಲ್ಲ. ಗಂಟೆಯಾಯಿತು, ಎರಡು ಗಂಟೆಯಾಗುತ್ತಾ ಬಂತು. ಕೊನೆಗೆ ಫೋನ್ ಬಂತು.

"ತಲುಪಿದೆಯಾ?"

"ತಲುಪಿದೆ."

"ದೇವರು ದೊಡ್ಡವನು! ಹೇಗುಂಟು ಊರು?"

"ನಿನ್ನೆ ಇದ್ದ ಹಾಗೆಯೇ ಉಂಟು," ಎಂದಳು. "ಪೈಲಟ್ ಆ ಊರಿನ ಮೇಲೆ ಹೋಗಿ ಸುತ್ತು ಹೊಡೆದ. ಕೆಳಗೆ ಪೂರಾ ಮಂಜು, ಇಳಿಯಲಿಕ್ಕಾಗಲಿಲ್ಲ. ಹೊರಟಲ್ಲಿಗೇ ತಂದು ಬಿಟ್ಟ. ಒಂದು ಗಂಟೆ ಐವತ್ತು ನಿಮಿಷ ಹಾರಿದ್ದು. ದೂರ ಎಷ್ಟಾಯಿತು, ಹೇಳು ನೋಡುವ? ನೀನು ಟಿಕೆಟಿನವನಲ್ವಾ?"

ದೂರ ಸೊನ್ನೆ. ನನಗೆ ಹೇಳಲು ನಾಚಿಕೆಯಾಯಿತು.

ಮೂರನೆಯ ದಿನ ಭಾನುವಾರ. ನಾಲ್ಕನೆಯ ದಿನ ಆಕಾಶ ಶುಭ್ರವಾಗಿತ್ತಂತೆ, ಆದರೆ ಅಷ್ಟು ದಿನ ರಾಶಿಬಿದ್ದಿದ್ದ ಔಷಧಿ, ಹಾಲು, ಟಪಾಲು ಎಲ್ಲ ಹೇರಿದ ಮೇಲೆ ಮನುಷ್ಯರಿಗೆ ನಾಲ್ಕೇ ಸೀಟು ಉಳಿದವು. ಅವುಗಳನ್ನು ಮಕ್ಕಳಿದ್ದವರಿಗೆ ಕೊಟ್ಟರು. ಅಕ್ಕನೂ ಅವರಿಗೇ ಕೊಡಿ ಎಂದಳಂತೆ.

ಇತ್ತ ನನ್ನ ಪಾಡು ಹೇಳತೀರದು. ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಕಾಕ ತಮ್ಮ ಅಂಗಡಿಯ ಮೆಟ್ಟಿಲಿನಿಂದ, "ಎಂತ ಮಾರಾಯ್ರೆ, ಐವತ್ತು ನಿಮಿಷ ಆಯ್ತಾ?" ಎನ್ನುತ್ತಿದ್ದರು. ಟಿಕೆಟಿಗೆ ಬಂದವರೊಡನೆಯೂ ಬಿಡಲಿಲ್ಲ. "ಇವರತ್ರ ಟೈಮ್ ಕೇಳ್ಬೇಡಿ ಭಾಯಿ, ಟಿಕೆಟ್ ಮಾತ್ರ ತಕೊಳ್ಳಿ," ಎಂದು ಬಾಗಿಲಲ್ಲೇ ನಿಂತು ಸಲಹೆ ಕೊಡುತ್ತಿದ್ದರು. ವಾರಕ್ಕೊಮ್ಮೆ ಬರುವ ನಮ್ಮ ಕಫೀಲ್, ಅಂದರೆ ಆಫೀಸಿನ ಮಾಲೀಕರು, ವಯಸ್ಸಾದ ಕುವೈತಿ, ಸೌಮ್ಯ ಮನುಷ್ಯ. ಅವರ ಕಿವಿಗೂ ಸುದ್ದಿ ಬಿದ್ದಿತ್ತು. ನನ್ನ ಹೆಗಲು ತಟ್ಟಿ, ನಿನ್ನ ಅಕ್ಕ ಒಂಟೆಯ ಮೇಲೆ ಹೊರಟಿದ್ದರೆ ಇಷ್ಟು ಹೊತ್ತಿಗೆ ತಲುಪುತ್ತಿದ್ದಳೇನೋ ಎಂದು ನಕ್ಕರು. ಮನೆಯಲ್ಲಿ ಮಗಳು ಮೊಬೈಲಿನಲ್ಲಿ ಆ ಊರಿನ ಹವಾಮಾನ ನೋಡಿ ಗಂಟೆಗೊಮ್ಮೆ ವರದಿ ಒಪ್ಪಿಸುತ್ತಿದ್ದಳು. ಇಪ್ಪತ್ತು ವರ್ಷ ನಾನು ಜನರಿಗೆ ದೂರ ಮತ್ತು ಸಮಯ ಹೇಳುತ್ತಾ ಬಂದವನು. ನಾನೇ ಹಾರಿದ್ದೆಂದರೆ ಕುವೈತ್–ಮಂಗಳೂರು ಮಾತ್ರ ಎಂಬುದು ಆ ವಾರ ನನಗೆ ಚೆನ್ನಾಗಿ ನೆನಪಾಯಿತು.

ಆದರೆ ಅಕ್ಕನ ಫೋನುಗಳು ದಿನದಿಂದ ದಿನಕ್ಕೆ ಉದ್ದವಾಗತೊಡಗಿದವು. ಆ ಏರ್‌ಪೋರ್ಟ್ ಎಂದರೆ ಒಂದು ದೊಡ್ಡ ಕೋಣೆ, ಅದರಾಚೆ ಒಂದು ವಸತಿಗೃಹ. ಅವಳಂತೆಯೇ ಕಾಯುತ್ತಿದ್ದವರಲ್ಲಿ ಅಲ್ಲಿಯದೇ ಮೂಲ ನಿವಾಸಿ ಮುದುಕಿಯೊಬ್ಬಳಿದ್ದಳು. ಆಸ್ಪತ್ರೆಗೆ ತೋರಿಸಿಕೊಂಡು ಎರಡನೆಯ ಊರಿನ ತನ್ನ ಮನೆಗೆ ಮರಳುವವಳು. ಎರಡನೆಯ ದಿನವೇ ಅಕ್ಕ ಅವಳ ಊದಿದ ಪಾದ ನೋಡಿ, ಕಾಲನ್ನು ಕುರ್ಚಿಯ ಮೇಲೆತ್ತಿ ಇಡಿಸಿ, ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂದು ವಿಚಾರಿಸಿ, ಬೈದೂ ಆಗಿತ್ತು. ಬೈದ ಮೇಲೆ ಸ್ನೇಹವಾಯಿತು. ಅಕ್ಕನ ಸ್ನೇಹಗಳೆಲ್ಲ ಹಾಗೆಯೇ ಆಗುವುದು.

"ನಿನ್ನ ಐವತ್ತು ನಿಮಿಷದ ಕತೆ ಅವಳಿಗೆ ಹೇಳಿದೆ," ಎಂದಳು ಅಕ್ಕ.

"ಎಂತ ಹೇಳಿದಳು?"

"ಹೊಟ್ಟೆ ಹಿಡಿದು ನಕ್ಕಳು. 'ಯಾವ ಐವತ್ತು ನಿಮಿಷ?' ಅಂತ ಕೇಳಿದಳು. ಹೋದ ವರ್ಷ ಅವಳು ಇಲ್ಲಿ ಹನ್ನೊಂದು ದಿನ ಕಾದಿದ್ದಾಳೆ."

ವಸತಿಗೃಹದ ಅಡುಗೆಮನೆಯಲ್ಲಿ ಅಕ್ಕ ಕುಚ್ಚಲಕ್ಕಿ ಗಂಜಿ ಮಾಡಿದಳಂತೆ. ಮುದುಕಿ ತನ್ನ ಚೀಲದಿಂದ ಒಣಗಿಸಿದ ಮೀನು ತೆಗೆದಳಂತೆ. ಗಂಜಿ, ಒಣಮೀನು, ಸೀಗಡಿ ಉಪ್ಪಿನಕಾಯಿ. ಪೈಲಟ್ ಕೂಡ ಬಂದು ಕೂತು ಉಂಡನಂತೆ. "ಮೀನು ಒಳ್ಳೆದುಂಟು, ಉಪ್ಪು ಸ್ವಲ್ಪ ಕಡಿಮೆ," ಎಂದು ಅಕ್ಕ ತೀರ್ಪು ಕೊಟ್ಟಳು. ಕಾಕನ ಜಾಕೆಟ್ ಮೊದಲನೆಯ ದಿನವೇ ಸೋತಿತ್ತು. ಬಾಗಿಲು ದಾಟಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಗಾಳಿ ಅದರ ಹೊಲಿಗೆಯೊಳಗೆಲ್ಲ ನುಗ್ಗಿತಂತೆ. ಮುದುಕಿ ಆ ಮೊದಲನೆಯ ಊರಿನಲ್ಲೇ ಇದ್ದ ತನ್ನ ತಂಗಿಗೆ ಹೇಳಿ ಒಂದು ತುಪ್ಪಳದ ಕೋಟನ್ನು ತರಿಸಿಕೊಟ್ಟಳು. ಇದನ್ನು ಕಾಕನಿಗೆ ಹೇಳಬಾರದೆಂದು ಅಕ್ಕ ಆಣೆ ಹಾಕಿಸಿದ್ದಳು. ನಾನು ಸಂಜೆಯೇ ಹೇಳಿದೆ. ಇಡೀ ವಾರದಲ್ಲಿ ನನಗೆ ಸಿಕ್ಕ ಒಂದೇ ಸಮಾಧಾನ ಅದು.

ಐದನೆಯ ದಿನ ಮತ್ತೆ ಮಂಜು. ಅಂದು ಅವಳ ದನಿ ಬಳಲಿತ್ತು, ಮೂಗು ಕಟ್ಟಿತ್ತು. ನನಗೆ ತಡೆಯಲಾಗಲಿಲ್ಲ.

"ಸಾಕು ಅಕ್ಕ. ವಾಪಸ್ ಬಾ. ಐವತ್ತಾರು ವರ್ಷಕ್ಕೆ ಇದೆಲ್ಲ ಯಾಕೆ ಬೇಕು? ನಾನು ಈಗಲೇ ಟಿಕೆಟ್ ಮಾಡ್ತೇನೆ. ಬೆಂಗಳೂರು, ಅಲ್ಲಿಂದ ಮಂಗಳೂರು."

ಆಚೆಯಿಂದ ಅವಳು ಮೂಗೊರೆಸಿಕೊಂಡ ಸದ್ದು ಬಂತು.

"ನೀನು ಕುವೈತಿಗೆ ಬಂದ ದಿನ ನೆನಪುಂಟಾ?" ಎಂದಳು.

ಇತ್ತು. ಇಪ್ಪತ್ತೆರಡು ವರ್ಷದ ಹುಡುಗ ನಾನು, ಮೊದಲ ವಿಮಾನ. ಕುವೈತಿನಲ್ಲಿ ಧೂಳಿನ ಬಿರುಗಾಳಿ ಎದ್ದು ನಮ್ಮ ವಿಮಾನವನ್ನು ಬಹ್ರೇನಿಗೆ ತಿರುಗಿಸಿದ್ದರು. ಅಲ್ಲಿ ಹೊಳೆಯುವ ಲೌಂಜಿನಲ್ಲಿ ಕೂರಿಸಿ ಸ್ಯಾಂಡ್‌ವಿಚ್, ಜ್ಯೂಸು ಕೊಟ್ಟರು. ನನಗೆ ಅದೊಂದು ಪ್ರವಾಸವೇ ಆಗಿತ್ತು. ಕುವೈತಿನಲ್ಲಿ ಇಳಿದು ಹೊರಗೆ ಬಂದಾಗ ಅಕ್ಕ ನರ್ಸಿನ ಬಿಳಿ ಬಟ್ಟೆಯಲ್ಲೇ ಕಂಬಕ್ಕೊರಗಿ ನಿಂತಿದ್ದಳು. "ತುಂಬಾ ಹೊತ್ತಾಯಿತಾ ಬಂದು?" ಎಂದು ಕೇಳಿದ್ದೆ. "ಇಲ್ಲ, ಈಗಷ್ಟೇ ಬಂದೆ," ಎಂದಿದ್ದಳು.

"ಹದಿನಾಲ್ಕು ಗಂಟೆ ನಿಂತಿದ್ದೆ," ಎಂದಳು ಈಗ. "ಡ್ಯೂಟಿ ಮುಗಿಸಿ ನೇರ ಬಂದದ್ದು. ನಿನ್ನತ್ರ ಫೋನಿಲ್ಲ. ವಿಮಾನ ಎಲ್ಲಿ ಹೋಯಿತು ಅಂತ ಯಾರೂ ಸರಿಯಾಗಿ ಹೇಳುವುದಿಲ್ಲ. ಜತೆಯವರು, ರೂಮಿಗೆ ಹೋಗಿ ನಾಳೆ ಬಾ ಎಂದರು. ನಾನು ಹೋದೆನಾ?"

ಇಪ್ಪತ್ತನಾಲ್ಕು ವರ್ಷ ಅವಳು ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಅಷ್ಟು ಮಾತಾಡುವವಳು, ಎಲ್ಲರ ತಪ್ಪುಗಳನ್ನೂ ದಿನಾಂಕ ಸಮೇತ ನೆನಪಿಟ್ಟುಕೊಂಡವಳು.

"ಹಾಗಾದರೆ ನನಗೆ ವಾಪಸ್ ಬಾ ಅಂತ ಹೇಳಬೇಡ. ಫೋನಿಡು, ಮುದುಕಿಯ ಬಿಪಿ ನೋಡಬೇಕು."

ಆರನೆಯ ದಿನ ಆಫೀಸಿನಲ್ಲಿ ನಾನು ಗಡಿಯಾರ ನೋಡಲಿಲ್ಲ. ರುಮೈಥಿಯಾದಿಂದ ಬಂದಿದ್ದ ಕುಟುಂಬವೊಂದಕ್ಕೆ ಟಿಕೆಟ್ ಮಾಡುತ್ತಿದ್ದಾಗ ಫೋನಿಗೆ ಫೋಟೋ ಬಂತು. ಒಂದು ತಗಡಿನ ಶೆಡ್ಡು, ಅದರ ಮುಂದೆ ತುಪ್ಪಳದ ಕೋಟಿನೊಳಗೆ ಮುಖದ ನಡುಭಾಗ ಮಾತ್ರ ಕಾಣುವ ಒಂದು ಗುಂಡಗಿನ ಆಕೃತಿ. ಕನ್ನಡಕದಿಂದ ಅಕ್ಕ ಎಂದು ಗುರುತಿಸಿದೆ. ಪಕ್ಕದಲ್ಲಿ ಮುದುಕಿ, ಕೈಯೆತ್ತಿ ನಗುತ್ತಿದ್ದಾಳೆ. ಐವತ್ತೆರಡು ನಿಮಿಷ ಹಿಡಿಯಿತಂತೆ. ಎರಡು ನಿಮಿಷ ತಡವಾಗಿದ್ದಕ್ಕೆ ವಿವರಣೆ ಕೊಡಬೇಕೆಂದು ನನಗೆ ಆಜ್ಞೆಯಾಗಿತ್ತು. ನಾನು ಎದ್ದು ಹೋಗಿ ಕಾಕನಿಗೆ ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, "ಅಲ್ಹಮ್ದುಲಿಲ್ಲಾ," ಎಂದರು. ಆಮೇಲೆ ಇನ್ನೊಮ್ಮೆ ನೋಡಿ, "ಒಳಗೆ ನನ್ನ ಜಾಕೆಟೇ ಇರ್ಬೇಕು," ಎಂದರು.

ಮೂರು ತಿಂಗಳಿಗೆಂದು ಹೋದವಳು ಆರು ತಿಂಗಳಿಗೆ ಒಪ್ಪಿದಳು, ಆಮೇಲೆ ಒಂದು ವರ್ಷಕ್ಕೆ. ತಿಂಗಳಿಗೆರಡು ಸಲ ರೋಗಿಗಳನ್ನು ಕರೆದುಕೊಂಡು ಆ ಎರಡು ಊರುಗಳ ನಡುವೆ ಹಾರುತ್ತಾಳೆ. ಈಗ ಪೈಲಟಿನ ಹಿಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕದಲ್ಲೇ ಕೂರುತ್ತಾಳಂತೆ. ಕಿಟಕಿಯ ಬಳಿ ಕೂತರೆ ಅವನು ಸರಿಯಾಗಿ ಓಡಿಸುತ್ತಾನೋ ಇಲ್ಲವೋ ನೋಡಬಹುದು ಎಂಬುದು ಅವಳ ವಾದ.

ಈ ಫೆಬ್ರವರಿಯಲ್ಲಿ ಒಂದು ಸಂಜೆ ಅವಳ ಫೋನು ಬಂತು. ಅಲ್ಲಿ ತುಂಬು ಗರ್ಭಿಣಿಯರನ್ನು ಹೆರಿಗೆಗೆ ಮುಂಚೆಯೇ ಮೊದಲನೆಯ ಊರಿಗೆ ಕಳಿಸುತ್ತಾರೆ. ಒಬ್ಬಳಿಗೆ ದಿನಕ್ಕೆ ಮೊದಲೇ ನೋವು ಶುರುವಾಯಿತು. ಹೊರಗೆ ಹಿಮದ ಬಿರುಗಾಳಿ, ಎರಡು ದಿನದಿಂದ ವಿಮಾನವಿಲ್ಲ. ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ಜತೆಯ ನರ್ಸು ಚಿಕ್ಕ ವಯಸ್ಸಿನವಳು. ಡಾಕ್ಟರು ಐವತ್ತು ನಿಮಿಷ ದೂರದಲ್ಲಿ, ಬರೇ ಫೋನಿನಲ್ಲಿ.

"ಮತ್ತೆ?" ಎಂದೆ.

"ಮತ್ತೆಂತ? ಇಪ್ಪತ್ತೊಂಬತ್ತು ವರ್ಷ ನಾನು ಕುವೈತಿನಲ್ಲಿ ಖರ್ಜೂರ ಮಾರಿದ್ದಾ? ತಿರುಗಿಸಿದೆ. ಬಂತು. ಹೆಣ್ಣು ಮಗು, ಮೂರೂಕಾಲು ಕಿಲೋ." ಅವಳು ಅಳುತ್ತಿದ್ದಾಳೆಂದು ನನಗೆ ಗೊತ್ತಾಯಿತು, ನನಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು.

ಆಮೇಲೆ, "ನಿನ್ನ ಹೆಂಡತಿಗೆ ಕೊಡು ಫೋನು," ಎಂದಳು. ಮಗುವಿನ ಮನೆಯವರು ಅವಳಿಗೆ ಜಿಂಕೆಯ ಜಾತಿಯ ಪ್ರಾಣಿಯೊಂದರ ಒಂದಿಡೀ ತೊಡೆ ಕಳಿಸಿದ್ದರಂತೆ. ಅದು ಆರೋಗ್ಯ ಕೇಂದ್ರದ ಮೇಜಿನ ಮೇಲೆ ಮಲಗಿತ್ತು. ಅದಕ್ಕೆ ನಮ್ಮೂರಿನ ಮಾಂಸದಡುಗೆಯ ಬಫಾತ್ ಮಸಾಲೆ ಒಗ್ಗುತ್ತದೋ ಇಲ್ಲವೋ ಎಂದು ಅವಳಿಗೆ ಕೂಡಲೇ ತಿಳಿಯಬೇಕಿತ್ತು.

"ಒಗ್ಗುತ್ತದೆ, ಒಗ್ಗುತ್ತದೆ," ಎಂದು ನನ್ನ ಹೆಂಡತಿ ಒಲೆಯ ಬಳಿಯಿಂದಲೇ ಕೂಗಿದಳು. "ಮೊದಲು ವಿನೆಗರ್‌ನಲ್ಲಿ ನೆನೆಸಿ ಇಡಿ!"

"ವಿನೆಗರ್ ಇಲ್ಲಿ ಎಲ್ಲಿ ಸಿಗ್ತದೆ ಮಾರಾಯ್ತಿ? ಮುಂದಿನ ವಿಮಾನದಲ್ಲಿ ಬರಬೇಕು," ಎಂದಳು ಅಕ್ಕ. ಆಮೇಲೆ ಅವರಿಬ್ಬರೂ ಹುಣಸೆಹುಳಿ ಹಾಕಿದರೆ ಹೇಗೆ ಎಂದು ಅರ್ಧ ಗಂಟೆ ಚರ್ಚೆ ಮಾಡಿದರು. ನಾನು ಬಾಲ್ಕನಿಗೆ ಹೋಗಿ, ತೊಳೆದು ಹಾಕಿದ್ದ ಮಗಳ ಯೂನಿಫಾರ್ಮನ್ನು ಹಗ್ಗದಿಂದ ತೆಗೆದು, ಧೂಳು ಕೊಡವಿ ಒಳಗೆ ತಂದೆ.